ಎ ಡ್ರೈವಿನ ಯಜಮಾನ

ನಮ್ಮ ಮನೆಯಲ್ಲಿ ಇಂಜಿನಿಯರ್ ಅಂದರೆ ನಾನೇ. ಓದಿದ್ದು ಬಿ.ಎ., ಅದೂ ಇತಿಹಾಸ. ಆದರೂ ಮಿಕ್ಸಿ, ಗೀಸರು, ಅಮ್ಮನ ರೇಡಿಯೊ ಯಾವುದು ಕೆಟ್ಟರೂ ಮೊದಲು ನನ್ನ ಕೈಗೆ ಬರಬೇಕು, ಆಮೇಲೆ ರಿಪೇರಿಯವನ ಕೈಗೆ ಹೋಗಬೇಕು. “ಸಾರು ಮುಟ್ಟೋಕೆ ಮುಂಚೆ ತಂದಿದ್ರೆ ಅರ್ಧ ರೇಟಿಗೆ ಆಗ್ತಿತ್ತು ಮೇಡಂ” ಅಂತ ಆ ಪುಣ್ಯಾತ್ಮ ನನ್ನೆದುರಿಗೇ ಹೆಂಡತಿಗೆ ಹೇಳಿದ್ದಾನೆ.

ಇಂಥ ನನ್ನ ಸುಪರ್ದಿಯಲ್ಲಿ ವಿಂಡೋಸ್ 98ರ ಕಾಲದ ಒಂದು ಕಂಪ್ಯೂಟರಿದೆ. ಅದನ್ನು ಗುಜರಿಗೆ ಹಾಕಬೇಕೆಂಬ ವಿಷಯದಲ್ಲಿ ಮನೆಯಲ್ಲಿ ಒಮ್ಮತವಿದೆ, ನನ್ನೊಬ್ಬನನ್ನು ಬಿಟ್ಟು. ಹಿಂದೆ ‘ಬರಹ’ದಲ್ಲಿ ಟೈಪಿಸಿದ ನನ್ನ ಕಾದಂಬರಿ ಅದರ ಹಾರ್ಡ್ ಡಿಸ್ಕಿನಲ್ಲಿದೆ. ಒಂದು ದಿನ ವಿಂಡೋಸ್ ಏಳುವುದಿಲ್ಲವೆಂದು ಹಟ ಹಿಡಿಯಿತು. ನಾನು ಕಂಗೆಡಲಿಲ್ಲ. ಬೂಟ್ ಫ್ಲಾಪಿ ಹಾಕಿದರೆ ಯಂತ್ರ ಡಾಸ್‌ಗೆ ಬಂದು ನಿಲ್ಲುತ್ತದೆ, ಅಲ್ಲಿಂದ ಕಾದಂಬರಿಯನ್ನು ಎತ್ತಿಕೊಂಡರಾಯಿತು. ಭಾನುವಾರ ತಿಂಡಿಗೆ ಮುಂಚೆ ಮುಗಿಸುತ್ತೇನೆ ಅಂದೆ. ಯಾವ ಭಾನುವಾರ ಅಂತ ಹೇಳಲಿಲ್ಲ.

ಬೂಟ್ ಫ್ಲಾಪಿ ತೀರ್ಥಹಳ್ಳಿ ಮನೆಯ ಅಟ್ಟದಲ್ಲಿತ್ತು. ತಂದು ಅದರ ತಗಡಿನ ಮುಚ್ಚಳ ಸರಿಸಿದರೆ ಒಳಗಿನ ಕಂದು ತಟ್ಟೆಯ ಮೇಲೆ ಬಿಳಿ ಮಚ್ಚೆ. “ಬೂಷ್ಟು ಕಣ್ರೀ, ಒಳಗೆ ಹಾಕಬೇಡಿ” ಅಂದಳು ಮಲೆನಾಡಲ್ಲೇ ಹುಟ್ಟಿ ಬೆಳೆದ ಹೆಂಡತಿ. ಇಂಜಿನಿಯರು ಹಾಕಿದರು. ಡ್ರೈವು ಕರಕರ ಅಂದು ಸುಮ್ಮನಾಯಿತು. ಬೂಷ್ಟು ಈಗ ಫ್ಲಾಪಿಯಲ್ಲಷ್ಟೇ ಅಲ್ಲ, ಡ್ರೈವಿನ ಹೆಡ್ಡಿಗೂ ಮೆತ್ತಿತ್ತು.

ಹೊಸ ಫ್ಲಾಪಿಗೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. “ಮ್ಯೂಸಿಯಮ್ಮಿಗಾ ಸಾರ್?” ಅಂದ ಅಂಗಡಿಯವ. ಸೋನಿ ಕಂಪನಿ 2011ರಲ್ಲೇ ಜಪಾನಿನಲ್ಲಿ ಫ್ಲಾಪಿ ಮಾರುವುದನ್ನು ನಿಲ್ಲಿಸಿತ್ತು. ಆದರೆ ಅದೇ ಜಪಾನಿನ ಸರ್ಕಾರಿ ನಿಯಮಗಳಲ್ಲಿ ಫ್ಲಾಪಿ 2024ರವರೆಗೂ ಉಳಿದಿತ್ತು ಅಂತ ಅವನಿಗೆ ತಿಳಿಸಿದೆ. ಆತ ಧೂಳು ಕೊಡವಿ ಒಂದು ಪ್ಯಾಕು ಕೊಟ್ಟ, ರೇಟು ಮಾತ್ರ ಇಳಿಸಲಿಲ್ಲ.

ಮಗಳ ಲ್ಯಾಪ್‌ಟಾಪಿಗೆ ಯುಎಸ್‌ಬಿ ಫ್ಲಾಪಿ ಡ್ರೈವ್ ಸಿಕ್ಕಿಸಿ, ಬೂಟ್ ಡಿಸ್ಕಿನ ಇಮೇಜ್ ಫೈಲನ್ನು ಕಾಪಿ ಮಾಡಲು ಹೋದೆ. ಜಾಗ ಸಾಲದು ಅಂತ ಬಂತು. ಫ್ಲಾಪಿಯ ಅಳತೆ 14,74,560 ಬೈಟು, ಫೈಲೂ ಅಷ್ಟೇ. ಮತ್ತೆ ಕೊರತೆ ಎಲ್ಲಿಂದ? ಬೂಟ್ ಸೆಕ್ಟರು, ಯಾವ ಫೈಲು ಎಲ್ಲಿದೆ ಎಂಬ ಪಟ್ಟಿ, ಎಲ್ಲ ಸೇರಿ ಫಾರ್ಮ್ಯಾಟಿನಲ್ಲೇ 33 ಸೆಕ್ಟರು, ಅಂದರೆ 16,896 ಬೈಟು ಹೋಗಿರುತ್ತದೆ. ಮೂವತ್ತು-ನಲವತ್ತರ ಸೈಟಿನಲ್ಲಿ ಸೆಟ್‌ಬ್ಯಾಕ್ ಬಿಟ್ಟ ಮೇಲೆ ಅಡಿಗೆಮನೆಗೆ ಜಾಗ ಸಾಲದ ಹಾಗೆ.

“ಅಪ್ಪ, ಇಮೇಜನ್ನ ಕಾಪಿ ಮಾಡೋದಲ್ಲ. ಮೊದಲನೇ ಸೆಕ್ಟರಿಂದ ಕೊನೇವರೆಗೂ ಹಾಗ್ಹಾಗೇ ಬರೀಬೇಕು. ಅದಕ್ಕೆ ಬೇರೆ ಪ್ರೋಗ್ರಾಂ ಇದೆ” ಅಂದಳು ಮಗಳು. ನಾನು ಕೇಳಿಸಿಕೊಳ್ಳದೆ ಇಮೇಜಿನೊಳಗೆ ಕಣ್ಣಿಗೆ ಕಂಡ ಫೈಲುಗಳನ್ನಷ್ಟೇ ಫ್ಲಾಪಿಗೆ ತುಂಬಿದೆ. ಹಳೇ ಯಂತ್ರ ಬೂಟ್ ಮಾಡುವಾಗ ನೋಡುವುದು ಮೊದಲ ಸೆಕ್ಟರಿನ 512 ಬೈಟುಗಳನ್ನು. ಅಲ್ಲಿರುವ ಪುಟ್ಟ ಪ್ರೋಗ್ರಾಂ ಹುಡುಕುವ ‘ಐಒ.ಸಿಸ್’ ಕಣ್ಣಿಗೆ ಕಾಣದ ಹಿಡನ್ ಫೈಲು. ಎರಡನ್ನೂ ನಾನು ಒಯ್ದಿರಲಿಲ್ಲ. ಕಪ್ಪು ಪರದೆಯ ಮೇಲೆ ಬಂತು: ‘ನಾನ್-ಸಿಸ್ಟಂ ಡಿಸ್ಕ್ ಆರ್ ಡಿಸ್ಕ್ ಎರರ್. ರಿಪ್ಲೇಸ್ ಅಂಡ್ ಪ್ರೆಸ್ ಎನಿ ಕೀ ವೆನ್ ರೆಡಿ.’ ಒತ್ತಿದೆ. ಮತ್ತೆ ಅದೇ. ಇನ್ನೊಂದು ಕೀ ಒತ್ತಿದೆ. ಎಂಟರು, ಸ್ಪೇಸು, ಕೊನೆಗೆ ಅಕ್ಷರಮಾಲೆ ಪೂರ್ತಿ.

ಹುರುಳಿಕಾಯಿ ಬಿಡಿಸುತ್ತಿದ್ದ ಹೆಂಡತಿ ಹಿಂದಿನಿಂದ ಓದಿದಳು. “ರಿಪ್ಲೇಸ್ ಅಂತಿದೆಯಲ್ರೀ. ಫ್ಲಾಪಿ ಬದಲಾಯಿಸದೆ ಬರೀ ಕೀ ಒತ್ತಿದ್ರೆ ಅದಾದರೂ ಏನು ಮಾಡುತ್ತೆ?”

ಮಗಳು ಇಮೇಜನ್ನು ಸರಿಯಾಗಿ ಬರೆದುಕೊಟ್ಟಳು. ಅಷ್ಟರಲ್ಲಿ ನಾನು ಸಿಪಿಯು ಬಿಚ್ಚಿ ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿದ್ದೆ. ಬೂದು ಬಣ್ಣದ ಚಪ್ಪಟೆ ಕೇಬಲ್ಲಿನ ತುದಿಯಲ್ಲಿ ಕೆಲವು ತಂತಿ ತಿರುಚಿಕೊಂಡಿದ್ದವು. ಕಂಪನಿಯವರ ಅಜಾಗರೂಕತೆ ಅಂತ ನೆಟ್ಟಗೆ ಮಾಡಲು ಹೊರಟಿದ್ದೆ, ಮಗಳು ಕೈ ಹಿಡಿದಳು. ಆ ತಿರುಚು ಬೇಕೆಂದೇ ಮಾಡಿದ್ದು. ಅದರಾಚೆ ಸಿಕ್ಕಿಸಿದ ಡ್ರೈವು ‘ಎ’, ಈಚೆಯದು ‘ಬಿ’. ಸಿಕ್ಕಿಸಿ ಸ್ವಿಚ್ ಹಾಕಿದೆ. ಫ್ಲಾಪಿ ಡ್ರೈವಿನ ಹಸಿರು ದೀಪ ಹತ್ತಿದ್ದು ಆರಲೇ ಇಲ್ಲ.

“ಮುಸ್ಸಂಜೆ ಹೊತ್ತು, ಉರೀಲಿ ಬಿಡೋ” ಅಂದರು ಅಮ್ಮ.

ದೀಪ ಆರದಿದ್ದರೆ ಕೇಬಲ್ಲು ಉಲ್ಟಾ ಎಂದರ್ಥ. ತಿರುಗಿಸಿದ್ದಾಯಿತು. ಆಮೇಲೆ ಬಯಾಸಿನಲ್ಲಿ ‘ಎ’ಯನ್ನು ಮೊದಲಿಗಿಟ್ಟರೆ ಸ್ವಿಚ್ ಆರಿಸಿದೊಡನೆ ಅದಕ್ಕೆ ಮರೆವು. ತಾರೀಖೂ ಹಿಂದಿನ ಶತಮಾನಕ್ಕೆ ಓಡುತ್ತಿತ್ತು. ಮದರ್‌ಬೋರ್ಡಿನ ಸಿಆರ್ 2032 ಬಿಲ್ಲೆ ಬ್ಯಾಟರಿ ಸತ್ತಿತ್ತು. ಹೊಸದು ಹಾಕಿದ ಮೇಲೆ ಕೊನೆಗೂ ‘ಎ’ ಎಂಬ ಅಕ್ಷರ ಮಿನುಗಿತು. ಸಿ ಡ್ರೈವಿಗೆ ಹೋಗಿ ಕಾದಂಬರಿಯನ್ನು ಫ್ಲಾಪಿಗೆ ಕಾಪಿ ಕೊಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು.

“11 ಕೆಬಿ” ಅಂದಳು ಮಗಳು. “ಇಷ್ಟೇನಾ ಅಪ್ಪ?”

“ಪೀಠಿಕೆ” ಅಂದೆ.

ನಿಮ್ಮ ಮನೆಯಲ್ಲೂ ಇಂಥ ಕಂಪ್ಯೂಟರಿದ್ದರೆ ಮೊದಲು ಕೇಬಲ್ಲು ನೋಡಿ, ಆಮೇಲೆ ಬ್ಯಾಟರಿ, ಕೊನೆಗೆ ಫ್ಲಾಪಿ. ಬೂಷ್ಟು ಹಿಡಿದದ್ದನ್ನು ಮಾತ್ರ ಯಾವ ಕಾರಣಕ್ಕೂ ಒಳಗೆ ತುರುಕಬೇಡಿ. ಪರದೆಯ ಮೇಲೆ ಬಂದದ್ದನ್ನು ಪೂರ್ತಿ ಓದಿ. ಪುರುಸೊತ್ತಿಲ್ಲದಿದ್ದರೆ ಹೆಂಡತಿಯ ಕೈಲಿ ಓದಿಸಿ.