ರಾಗ ಕಟ್ಟಿದವರಿಗೂ ಒಂದು ಅಂಕಿತ ಬೇಕು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ವಚನ ಹಾಡಿ ರೆಕಾರ್ಡ್ ಮಾಡಿಸುತ್ತಿರುವ ತಮ್ಮಂದಿರೇ, ತಂಗಿಯರೇ,

ಹೋದ ಜಾತ್ರೆಯೊಂದರಲ್ಲಿ ವಚನಗಳ ಪೆನ್‌ಡ್ರೈವ್ ಕೊಂಡು ತಂದೆ. ಹಾಡಿದವರ ಕಂಠ ಚಲೋ ಇದೆ, ತಬಲಾ ಹದವಾಗಿದೆ. ಹಾಡುಗಳಿಗೆ ಮಾತ್ರ ‘ವಚನ 1’, ‘ವಚನ 2’ ಎಂದಷ್ಟೇ ಹೆಸರು. ಹನ್ನೊಂದನೆಯದು ಶುರುವಾದಾಗ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಆ ಧಾಟಿ ನಾನು ಸಣ್ಣವನಿದ್ದಾಗಿನಿಂದ ಕೇಳಿದ್ದು. ಕಟ್ಟಿದವರು ಯಾರು? ಎಲ್ಲೂ ಬರೆದಿಲ್ಲ. ಅದಕ್ಕೇ ಈ ಪತ್ರ.

1923ರಲ್ಲಿ ಫ.ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿ ವಚನಗಳನ್ನು ನಮ್ಮ ಕಣ್ಣಿಗೆ ತಂದರು. ಕಿವಿಗೆ ತಂದವರು ಗವಾಯಿಗಳು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು. ರಾಯಚೂರಿನ ಸಿದ್ಧರಾಮ ಜಂಬಲದಿನ್ನಿಯವರಂತೂ ನಮ್ಮವರೇ. 1997ರವರೆಗೆ ನಮ್ಮ ಈ ನಾಲ್ಕೂ ತಾಲೂಕು ರಾಯಚೂರು ಜಿಲ್ಲೆಯಲ್ಲೇ ಇದ್ದವಲ್ಲ.

ವಚನಕ್ಕೆ ರಾಗ ಹಾಕುವುದು ಸುಲಭದ ಕೆಲಸವಲ್ಲ. ಕೀರ್ತನೆಗೆ ಪಲ್ಲವಿ ಇರುತ್ತದೆ, ಚರಣ ಇರುತ್ತದೆ. ವಚನ ಎದುರಿಗೆ ಕೂತು ಆಡಿದ ಮಾತು. ಒಂದು ಸಾಲು ಗಿಡ್ಡ, ಇನ್ನೊಂದು ಉದ್ದ. ಬಸವಣ್ಣನ ಅಂಕಿತವನ್ನೇ ತಗೊಳ್ಳಿ. ‘ಕೂಡಲ’ ನಾಲ್ಕು ಮಾತ್ರೆ, ‘ಸಂಗಮ’ ನಾಲ್ಕು, ಕೊನೆಯ ಸ್ವರ ಎಳೆದರೆ ‘ದೇವಾ’ ಕೂಡ ನಾಲ್ಕು. ಕೆಹರವಾ ತಾಳದಲ್ಲಿ ತಾನಾಗಿ ಕೂರುತ್ತದೆ. ಅಕ್ಕನ ಅಂಕಿತ ಹಾಗಲ್ಲ. ‘ಚೆನ್ನ’ ಮೂರು, ‘ಮಲ್ಲಿ’ ಮೂರು, ಅಲ್ಲಿಗೆ ದಾದರಾದ ಒಂದು ಆವರ್ತ ತುಂಬಿತು; ‘ಕಾರ್ಜುನ’ ಬಂದರೆ ನಾಲ್ಕು! ಒಂದು ಮಾತ್ರೆ ಆಚೆ ಚೆಲ್ಲುತ್ತದೆ. ಚೆಲ್ಲಿದ್ದನ್ನು ಏನು ಮಾಡಬೇಕು? ಆರು ತುಂಬುವವರೆಗೆ ‘ನಾ’ ಎಂದು ಎಳೆದು, ಆ ಎಳೆತದಲ್ಲೇ ಅಕ್ಕನ ಹಂಬಲವನ್ನೆಲ್ಲ ಇಟ್ಟು, ಮತ್ತೆ ಸಮಕ್ಕೆ ತಂದು ನಿಲ್ಲಿಸಬೇಕು. ಎಷ್ಟು ರಾತ್ರಿ ಹಾರ್ಮೋನಿಯಂ ಮುಂದೆ ಕೂತರೆ ಇದು ಕೈಗೆ ಹತ್ತುತ್ತದೆ! ಅದರ ಮೇಲೆ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಕಾಲದಲ್ಲಿ ಒಂದು ಬದಿಗೆ ಮೂರು, ಮೂರೂವರೆ ನಿಮಿಷ ಮಾತ್ರ. ಆಲಾಪ, ತಾನ, ವಚನದ ಅರ್ಥ, ಎಲ್ಲವೂ ಅಷ್ಟರೊಳಗೇ ಮುಗಿಯಬೇಕಿತ್ತು.

ಇಂಥ ಕೆಲಸ ಮಾಡಿದವರ ಹೆಸರನ್ನು ‘ಸಾಂಪ್ರದಾಯಿಕ’ ಎಂಬ ಒಂದು ಪದ ಹಾಕಿ ಅಳಿಸುವುದು ನನಗೆ ಸಹಿಸಲಾಗದ ಅನ್ಯಾಯ. ವಚನ ಬಸವಣ್ಣನ ಕಾಲದ್ದಿರಬಹುದು, ಧಾಟಿ ಆ ಕಾಲದ್ದಲ್ಲ. ಅದನ್ನು ನಮ್ಮ ಅಜ್ಜಂದಿರ ಓರಗೆಯವರು ಕಟ್ಟಿದ್ದು. ಇಟಗಿಯ ಮಹಾದೇವ ದೇವಾಲಯಕ್ಕೆ ಹೋಗಿ ನೋಡಿ. 1112ರಲ್ಲಿ ಅದನ್ನು ಕಟ್ಟಿಸಿದ ಮಹಾದೇವ ದಂಡನಾಯಕನ ಹೆಸರು ಶಾಸನದಲ್ಲಿ ಇವತ್ತಿಗೂ ಓದಲು ಸಿಗುತ್ತದೆ. ಶರಣರೂ ತಮ್ಮ ವಚನಗಳಲ್ಲಿ ಮರೆಯದೆ ಅಂಕಿತ ಇಟ್ಟರು. ರಾಗ ಕಟ್ಟಿದವರಿಗೆ ಶಾಸನವೂ ಇಲ್ಲ, ಅಂಕಿತವೂ ಇಲ್ಲ. ಅವರ ಹೆಸರು ಉಳಿಯುವುದು ನಿಮ್ಮ ಬಾಯಿಂದಲೇ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಮೈಕ್ ಚಾಲೂ ಆದ ಕೂಡಲೇ, ಶ್ರುತಿ ಹಿಡಿಯುವ ಮೊದಲು, ಹತ್ತು ಸೆಕೆಂಡು ಮಾತಾಡಿ. ವಚನ ಯಾರದು, ರಾಗ ಯಾವುದು, ಧಾಟಿ ಯಾರದು, ನಿಮಗೆ ಯಾವ ಊರಲ್ಲಿ ಯಾರು ಕಲಿಸಿದರು, ಇವತ್ತಿನ ತಾರೀಖು ಏನು. ಗುರುಗಳ ಧಾಟಿಯನ್ನು ನೀವು ಬದಲಿಸಿದ್ದರೆ ಅದನ್ನೂ ಹೇಳಿ, ತಪ್ಪೇನಿಲ್ಲ. ಕಡತದ ಹೆಸರು ನಾಳೆ ಯಾರೋ ಬದಲಿಸಬಹುದು, ಹಾಡಿನ ಜೊತೆಗೇ ಮುದ್ರಿತವಾದ ಮಾತು ಅಷ್ಟು ಸುಲಭಕ್ಕೆ ಕಳಚುವುದಿಲ್ಲ.

ನಮ್ಮಪ್ಪ ಧಾರವಾಡ ಆಕಾಶವಾಣಿಯಿಂದ ಹಿಡಿದಿಟ್ಟ 23 ಕ್ಯಾಸೆಟ್ ನನ್ನ ಹತ್ತಿರ ಇವೆ. ಹಾಡಿನ ಹಿಂದೆ ಅವ್ವ ಮಜ್ಜಿಗೆ ಕಡೆಯುವ ಸದ್ದೂ ಕೇಳುತ್ತದೆ. ಡಬ್ಬಿಯೊಳಗಿನ ಚೀಟಿಯಲ್ಲಿ ರಾಗ, ಗಾಯಕರು, ತಾರೀಖು ಎಲ್ಲ ನೀಲಿ ಶಾಯಿಯಲ್ಲಿ ಬರೆದಿದ್ದಾರೆ. ಆ ಹನ್ನೊಂದನೆಯ ಹಾಡಿನ ಧಾಟಿ ಅವುಗಳಲ್ಲೊಂದರಲ್ಲಿ ಸಿಕ್ಕಿತು. ಕಾರ್ಯಕ್ರಮದ ನಡುವಿನಿಂದ ಹಿಡಿದದ್ದು, ಗಾಯಕರ ಹೆಸರು ಹೇಳಿದ್ದು ಅದರಲ್ಲಿಲ್ಲ. ಅದರ ಚೀಟಿಯಲ್ಲಿ ಮಾತ್ರ ಅಪ್ಪ ‘ಧಾಟಿ ಯಾರದು? ಕೇಳಬೇಕು’ ಎಂದು ಬರೆದು ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದಾರೆ. ನಿಮ್ಮ ಗುರುಗಳಿಗೆ ಗೊತ್ತಿದ್ದರೆ ದಯಮಾಡಿ ಕೇಳಿ ತಿಳಿಸಿ.

ನಿಮ್ಮ ಅಣ್ಣ,
ಕುಕನೂರಿನ ಒಬ್ಬ ಕೇಳುಗ