ಮೂರು ಲಕ್ಷ ಓಡಿದ ಗಾಡಿಯೂ ಹುಬ್ಬಳ್ಳಿಯ ಮಾವನೂ

ಆಸ್ಟ್ರೇಲಿಯಾಕ್ಕೆ ಬಂದ ಕನ್ನಡಿಗನ ಬದುಕಿನಲ್ಲಿ ವಾಹನಗಳು ಒಂದು ಕ್ರಮದಲ್ಲೇ ಬರುತ್ತವೆ. ಮೊದಲು, ಊರಿಗೆ ವಾಪಸು ಹೊರಟ ಇನ್ನೊಬ್ಬ ಕನ್ನಡಿಗ ಕುಕ್ಕರ್, ಹಾಸಿಗೆಗಳ ಜೊತೆ ದಾಟಿಸಿ ಹೋಗುವ ಹಳೇ ಕೊರೊಲ್ಲಾ. ಆಮೇಲೆ, ಅಪ್ಪ ಅಮ್ಮ ಬರುತ್ತಾರೆಂಬ ನೆಪದಲ್ಲಿ ಏಳು ಸೀಟಿನದು. ಮನೆ ಸಾಲ ಅರ್ಧ ತೀರಿ, ತಲೆಗೂದಲೂ ಅಷ್ಟೇ ತೀರುವ ವಯಸ್ಸಿಗೆ ಮೂರನೆಯ ಆಸೆ ಅಮರಿಕೊಳ್ಳುತ್ತದೆ. ಮುಂದೆ ಬುಲ್‌ಬಾರ್, ಪಕ್ಕದಲ್ಲಿ ಸ್ನಾರ್ಕೆಲ್, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಗಾಡಿ. ಇಲ್ಲಿಯ ನಿವೃತ್ತರು ಕ್ಯಾರವಾನ್ ಎಳೆದುಕೊಂಡು ಹೈವೇ 1 ಹಿಡಿದು ಇಡೀ ಖಂಡಕ್ಕೆ 14,500 ಕಿಲೋಮೀಟರ್‌ನಷ್ಟು ಪ್ರದಕ್ಷಿಣೆ ಹಾಕುತ್ತಾರೆ. ಅವರನ್ನು ಗ್ರೇ ನೋಮ್ಯಾಡ್ಸ್ ಅನ್ನುತ್ತಾರೆ. ಪ್ರದಕ್ಷಿಣೆ ಅಂದಮೇಲೆ ನಾವು ಹಿಂದೆ ಬೀಳುವುದುಂಟೇ?

ಅಂಥ ಗಾಡಿಗಳಲ್ಲೊಂದಾದ ಪ್ರಾಡೊ, ಹೊಸದಾದರೆ 70 ಸಾವಿರ ಡಾಲರ್ ದಾಟುತ್ತದೆ. ನಮ್ಮ ಕೈಗೆಟುಕುವುದು ಒಂದೋ ಹೊಸ ಗಾಡಿಯ ಚಿತ್ರ, ಇಲ್ಲವೇ ಮೂರು ಲಕ್ಷ ಕಿಲೋಮೀಟರ್ ಓಡಿದ ಗಾಡಿ. ಈ ಸಂಖ್ಯೆ ಕೇಳಿದ ಮೈಸೂರಿನ ನಮ್ಮಮ್ಮ ಫೋನಿನಲ್ಲೇ ಕೂತುಬಿಟ್ಟರು. "ಅಷ್ಟು ದೂರ ಹೋಗಿ ಸೆಕೆಂಡ್ ಹ್ಯಾಂಡಾ? ಅದಕ್ಕೆ ಇಲ್ಲೇ ಇರಬಹುದಿತ್ತಲ್ಲೋ!"

ಆ ಹೊತ್ತಿಗೆ ಸರಿಯಾಗಿ ಮೆಲ್ಬರ್ನಿಗೆ ಬಂದಿಳಿದವರು ನಮ್ಮ ಮಾವ. ಹುಬ್ಬಳ್ಳಿಯ ಸರ್ಕಾರಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಮಗಳ ಮನೆಯಲ್ಲಿ ಉಂಡು, ಉದ್ಯಾನ ನೋಡಿ, ಮೂರನೇ ದಿನಕ್ಕೇ ಬೇಸತ್ತಿದ್ದರು. ಮೂರು ಲಕ್ಷ ಅಂದದ್ದೇ ಕಣ್ಣರಳಿತು.

"ಅಳಿಯಂದ್ರ, ನಮ್ಮ ಡಿಪೋದಾಗ ಏಳೆಂಟು ಲಕ್ಷ ಓಡಿದ ಗಾಡೀನ ಬೆಳಗಾವಿ ರೂಟಿಗೆ ಬಿಡತಿದ್ವಿ. ಮೂರು ಲಕ್ಷ ಅಂದ್ರ ಅದು ಇನ್ನೂ ಹುಡುಗು ಗಾಡಿ. ಗಾಡಿ ಎಷ್ಟು ಓಡೇತಿ ಅಂತ ಕೇಳಬ್ಯಾಡ್ರಿ. ಓಡಿಸಿದಾಂವ ಎಂಥಾಂವ ಅಂತ ಕೇಳ್ರಿ."

ಅಂದಿನಿಂದ ನಮ್ಮ ವಾರಾಂತ್ಯಗಳನ್ನು ಮಾವನವರು ವಶಕ್ಕೆ ತೆಗೆದುಕೊಂಡರು. ಟಾರ್ಚು, ಹಳೇ ಟವೆಲು, ಒಂದು ಸ್ಕ್ರೂಡ್ರೈವರು. ಇಷ್ಟು ಹಿಡಿದು ಹೊರಟರೆ ಮಾರುವವರಿಗೆ ನಾನು ಡ್ರೈವರಂತೆಯೂ ಅವರು ಧಣಿಯಂತೆಯೂ ಕಾಣುತ್ತಿದ್ದೆವು. ಅದು ಸತ್ಯಕ್ಕೆ ಬಹಳ ದೂರವೂ ಇರಲಿಲ್ಲ.

ಮೊದಲನೆಯವನು ಬಾಯಿ ತೆರೆಯುವ ಮೊದಲೇ ಮಾವ ಬಾನೆಟ್ ಮೇಲೆ ಅಂಗೈ ಇಟ್ಟರು. ಬಿಸಿ. "ನಾವು ಬರೂದ್ರೊಳಗ ಚಾಲೂ ಮಾಡಿ ಇಟ್ಟಾನ. ತಣ್ಣಗಿದ್ದಾಗ ಚಾಲೂ ಆಗೂದಿಲ್ಲ, ಇಲ್ಲಾ ಹೊಗಿ ಬಿಡತೈತಿ." ಡೀಸೆಲ್ ಎಂಜಿನ್ನಿನ ನಿಜಬಣ್ಣ ಬಯಲಾಗುವುದು ರಾತ್ರಿಯಿಡೀ ನಿಂತು ಬೆಳಿಗ್ಗೆ ಎದ್ದಾಗಲೇ. ನೀಲಿ ಹೊಗೆ ಬಂದರೆ ಆಯಿಲ್ ಕುಡಿಯುತ್ತಿದೆ, ಬಿಳಿಯದು ಬಂದು ನಿಲ್ಲದಿದ್ದರೆ ಕೂಲಂಟ್ ಒಳಕ್ಕೆ ಸೋರುತ್ತಿರಬಹುದು, ಕರಿಯದಾದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಇಷ್ಟನ್ನೂ ಮಾವ ಅಲ್ಲೇ ನಿಂತು, ಮಾರುವವನನ್ನೂ ಸೇರಿಸಿಕೊಂಡು, ಕನ್ನಡದಲ್ಲಿ ಪಾಠ ಮಾಡಿದರು. ಅವನೂ ತಲೆಯಾಡಿಸಿದ.

ಎರಡನೆಯದು ಸಿರಿವಂತರ ಬಡಾವಣೆಯಲ್ಲಿತ್ತು. ಥಳಥಳ ಹೊಳೆಯುವ ಗಾಡಿ, ಎದೆಮಟ್ಟದ ಹೊಳೆ ದಾಟಬಲ್ಲ ಸ್ನಾರ್ಕೆಲ್. ಆದರೆ ಕಡಿದಾದ, ಕೆಸರಿನ ದಾರಿಗೆಂದು ಹೈ ರೇಂಜಿನಿಂದ ಲೋ ರೇಂಜಿಗೆ ಹಾಕುವ ಗೇರ್‌ಕಡ್ಡಿ ಮಾತ್ರ ಅಲುಗಾಡಲೊಲ್ಲದು. ಹುಟ್ಟಿದಾಗಿನಿಂದ ಅದನ್ನು ಯಾರೂ ಮುಟ್ಟಿಯೇ ಇರಲಿಲ್ಲ. ಮಕ್ಕಳನ್ನು ಶಾಲೆಗೆ ಬಿಡುವ ಇಂಥ ಗಾಡಿಗಳಿಗೆ ಮೆಲ್ಬರ್ನಿನವರು, ತಮ್ಮೂರಿನ ಶ್ರೀಮಂತರ ಬಡಾವಣೆಯ ಹೆಸರು ಹಿಡಿದು, ಟೂರಕ್ ಟ್ರ್ಯಾಕ್ಟರ್ ಎನ್ನುತ್ತಾರೆ.

ಮೂರನೆಯದನ್ನು ಸಮುದ್ರದಂಡೆಯ ಮರಳಿನ ಮೇಲೆ ಮನಸಾರೆ ಓಡಿಸಿದ್ದರು, ತೊಳೆಯಲು ಮನಸು ಮಾಡಿರಲಿಲ್ಲ. ಮೇಲೆ ಹೊಸ ಬಣ್ಣ, ಕೆಳಗೆ ಉಪ್ಪು ತಿಂದ ಚಾಸಿ. ಮಾವ ಟವೆಲು ಹಾಸಿ ಅಡಿಗೆ ನುಸುಳಿ, ಸ್ಕ್ರೂಡ್ರೈವರಿನಿಂದ ಮೆಲ್ಲಗೆ ತಟ್ಟಿದರು. ಒಳಗಿನಿಂದ ತೀರ್ಪು ಬಂತು: "ಅಳಿಯಂದ್ರ, ಇದು ಗಾಡಿ ಅಲ್ಲ, ಹಪ್ಪಳ."

ನಾನು ನನ್ನ ಪಾಲಿನ ಕಾಗದದ ಕೆಲಸ ಮಾಡುತ್ತಿದ್ದೆ. ಗಾಡಿಯ ಮೇಲೆ ಯಾರದಾದರೂ ಸಾಲವಿದೆಯೇ, ಅಪಘಾತದಲ್ಲಿ ರದ್ದಾಗಿತ್ತೇ ಎಂಬುದನ್ನು ಪಿಪಿಎಸ್‌ಆರ್ ಎಂಬ ಸರ್ಕಾರಿ ದಾಖಲೆಯಲ್ಲಿ 2 ಡಾಲರಿಗೆ ನೋಡಬಹುದು. ವಿಕ್ಟೋರಿಯಾದಲ್ಲಿ ಗಾಡಿ ಕೈ ಬದಲಾಯಿಸಲು 30 ದಿನದೊಳಗಿನ ರೋಡ್‌ವರ್ದಿ ಸರ್ಟಿಫಿಕೇಟ್ ಬೇಕು. ಅದು ಬ್ರೇಕು, ಟೈರು, ದೀಪ, ಸೀಟ್‌ಬೆಲ್ಟುಗಳಿಗೆ ಸಾಕ್ಷಿ. ಎಂಜಿನ್ ನಾಳೆಯೂ ಬದುಕಿರುತ್ತದೆ ಅನ್ನುವುದಕ್ಕಲ್ಲ. ಲೈಸೆನ್ಸ್ ಇರುವ ಡೀಲರ್ ಬಳಿ ಕೊಂಡರೆ ಕಾನೂನಿನ ಪ್ರಕಾರ 3 ತಿಂಗಳು ಅಥವಾ 5,000 ಕಿ.ಮೀ. ವಾರಂಟಿ ಉಂಟು. ಆದರೆ ಗಾಡಿಗೆ 10 ವರ್ಷ ತುಂಬಿದ್ದರೆ, ಇಲ್ಲವೇ ಅದು 1,60,000 ಕಿ.ಮೀ. ದಾಟಿದ್ದರೆ ಆ ರಕ್ಷಣೆ ಇಲ್ಲ. ಅಂದರೆ ನಾವು ನೋಡುತ್ತಿದ್ದ ಗಾಡಿಗಳ ವಿಷಯದಲ್ಲಿ ಕಾನೂನೂ ಕೈಮುಗಿದು, ನಿಮ್ಮ ಮಾವನನ್ನೇ ಕೇಳಿ ಅಂದಿತ್ತು.

ಕೊನೆಗೆ ಬಲ್ಲಾರತ್ತಿನ ಆಚೆ, ಕುರಿಗಳೇ ಹೆಚ್ಚಿರುವ ಊರಿನಲ್ಲಿ, ನಿವೃತ್ತ ಮೇಷ್ಟರೊಬ್ಬರ ಶೆಡ್ಡಿನಲ್ಲಿ 2007ರ ಡೀಸೆಲ್ ಪ್ರಾಡೊ ಸಿಕ್ಕಿತು. 3,18,000 ಕಿ.ಮೀ. ಬಾನೆಟ್ ತಣ್ಣಗೆ. ಬಾಗಿಲಿನ ರಬ್ಬರಿನ ಸಂದಿಯಲ್ಲಿ ಒಳನಾಡಿನ ಕೆಂಪು ಧೂಳು. ಅದನ್ನು ಒರೆಸಿ ಮುಚ್ಚಿಡುವ ಗೋಜಿಗೂ ಮೇಷ್ಟರು ಹೋಗಿರಲಿಲ್ಲ. ಮಾವ ಕೇಳಿದ್ದು ಎರಡೇ ಪದ, "ಆಯಿಲ್ ಚೇಂಜ್?" ಮೇಷ್ಟರು ಒಳಗೆ ಹೋಗಿ ದಪ್ಪ ನೋಟ್‌ಬುಕ್ ತಂದರು. ಯಾವ ಊರಿನಲ್ಲಿ ಎಷ್ಟು ಲೀಟರ್, ಯಾವ ದಿನ ಯಾವ ಫಿಲ್ಟರ್, ಎಲ್ಲವೂ ದುಂಡು ಅಕ್ಷರದಲ್ಲಿ. ಒಂದೂವರೆ ಲಕ್ಷಕ್ಕೊಮ್ಮೆ ಬದಲಿಸಬೇಕಾದ ಟೈಮಿಂಗ್ ಬೆಲ್ಟನ್ನು ಎರಡು ಸಲವೂ ಸಮಯಕ್ಕೆ ಸರಿಯಾಗಿ ಬದಲಿಸಿದ್ದರು. ಮಾವ ಕನ್ನಡಕ ಏರಿಸಿ ಪುಟ ತಿರುವುತ್ತಾ ಹೋದರು. ಮೇಷ್ಟರು ಪಕ್ಕದಲ್ಲೇ ನಿಂತು ನಡುನಡುವೆ ಬೆರಳಿಟ್ಟು ತೋರಿಸಿದರು. ಒಬ್ಬರ ಇಂಗ್ಲಿಷ್ ಇನ್ನೊಬ್ಬರಿಗೆ ತಿಳಿಯದಿದ್ದರೂ ಇಬ್ಬರೂ ಆಗಾಗ ಒಟ್ಟಿಗೇ ನಗುತ್ತಿದ್ದರು. ಚೌಕಾಸಿ ಮಾಡಲು ನಾನು ಗಂಟಲು ಸರಿಮಾಡಿಕೊಂಡರೆ ಮಾವ ಕಣ್ಣು ಬಿಟ್ಟರು. "ಇಂಥಾವ್ರ ಹತ್ರ ರೊಕ್ಕಾ ಎಳದಾಡಬಾರದು."

ಹೆಂಡತಿಯ ಪರೀಕ್ಷೆ ಬೇರೆಯೇ ಇತ್ತು. ಅವಳು ಹಿಂದಿನ ಬಾಗಿಲು ತೆಗೆದು ಕುಕ್ಕರ್, ಒಲೆ, ರೊಟ್ಟಿ ಡಬ್ಬ ಇಡುವ ಜಾಗ ಅಳೆದು, ಪಾಸ್ ಅಂದಳು. ಗಾಡಿಗೆ ಎರಡು ಟ್ಯಾಂಕು, ಒಟ್ಟು 180 ಲೀಟರು. ಮೊದಲ ಸಲ ತುಂಬಿಸಿದಾಗ ಪಂಪಿನ ಮೇಲಿನ ಅಂಕಿ ಏರುವುದನ್ನು ನೋಡಲಾರದೆ ನಾನು ಅತ್ತ ತಿರುಗಿ ನಿಂತೆ.

ಕ್ಯಾರಮ್ ಡೌನ್ಸ್‌ನ ಶಿವ-ವಿಷ್ಣು ದೇವಸ್ಥಾನದಲ್ಲಿ ಪೂಜೆಯಾಯಿತು. ಬುಲ್‌ಬಾರಿಗೆ ಮಾವ ಸ್ವತಃ ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿ ಕಟ್ಟಿದರು. ಪಶ್ಚಿಮಕ್ಕೆ ಹೊರಟೆವು. ಸೆಡುನಾದಿಂದ ನಾರ್ಸ್‌ಮನ್‌ವರೆಗೆ ಸುಮಾರು 1,200 ಕಿ.ಮೀ. ನಲ್ಲಾರ್ಬರ್ ಬಯಲಿನ ದಾರಿ. ವೆಸ್ಟರ್ನ್ ಆಸ್ಟ್ರೇಲಿಯಾದೊಳಕ್ಕೆ ಹಸಿ ಹಣ್ಣು, ತರಕಾರಿ, ಜೇನುತುಪ್ಪ ಒಯ್ಯುವಂತಿಲ್ಲ. ಇದು ಗೊತ್ತಿದ್ದ ಹೆಂಡತಿ ಹಿಂದಿನ ರಾತ್ರಿಯೇ ಕರಿಬೇವು, ಕೊತ್ತಂಬರಿ, ಹಸಿಮೆಣಸಿನಕಾಯಿಗಳನ್ನೆಲ್ಲ ಒಗ್ಗರಣೆಗೆ ಹಾಕಿ, ಮೂರು ದಿನಕ್ಕಾಗುವ ಚಿತ್ರಾನ್ನವನ್ನು ಒಂದೇ ಊಟಕ್ಕೆ ಬಡಿಸಿದ್ದಳು. ಗಡಿಯ ತಪಾಸಣೆಯವಳು ಡಬ್ಬಗಳನ್ನೆಲ್ಲ ನೋಡಿ, ಚಟ್ನಿಪುಡಿಯ ಘಾಟಿಗೆ ಸೀನಿ, ಹೋಗಿ ಅನ್ನುವಷ್ಟರಲ್ಲಿ ಗಾಡಿಯ ಮುಂದೆ ಬಂದು ನಿಂತಳು. ನಿಂಬೆ ಹಣ್ಣು, ಮೆಣಸಿನಕಾಯಿ ತರಕಾರಿ. ಎರಡೂ ನಿಷಿದ್ಧ! ಕೈಗವಸು ಹಾಕಿಕೊಂಡು ಬಿಚ್ಚಿ, ಕಸದ ಡಬ್ಬಿಗೆ ಹಾಕಿದಳು.

ಮಾವ ನಿಟ್ಟುಸಿರಿಟ್ಟರು. "ಇಷ್ಟ್ ದಿನ ನಮ್ಮ ಗಾಡಿಗೆ ಬಿದ್ದ ಕಣ್ಣೆಲ್ಲಾ ಇನ್ನ ಈ ಗೌರ್ಮೆಂಟಿನ ಪಾಲು."

ದೃಷ್ಟಿ ನಿವಾರಣೆಯಿಲ್ಲದೆಯೇ ಗಾಡಿ ಓಡಿತು. ಬಲಡೋನಿಯಾ ಮತ್ತು ಕೈಗೂನಾ ನಡುವೆ 146.6 ಕಿ.ಮೀ. ರಸ್ತೆಗೆ ಒಂದೂ ತಿರುವಿಲ್ಲ. "ಅಜ್ಜ, ಇಲ್ಲಿ ಸ್ಟೇರಿಂಗ್ ಯಾಕೆ ಬೇಕು?" ಅಂದಳು ಮಗಳು. "ನಿಮ್ಮಪ್ಪಗ ಹಿಡಕೊಳ್ಳಾಕ ಏನರೆ ಬೇಕಲ್ಲ" ಅಂದರು ಮಾವ.

ದಾರಿಯುದ್ದಕ್ಕೂ ಅವರು ಮೇಷ್ಟರ ನೋಟ್‌ಬುಕ್ಕಿನಲ್ಲಿ ಲೆಕ್ಕ ಮುಂದುವರಿಸಿದರು, ಕನ್ನಡದಲ್ಲಿ. "ಎಡ ಹಿಂದಿನ ಗಾಲಿ ಗಾಳಿ ಕಡಿಮಿ. ಆಯಿಲ್ ಬರೋಬರಿ. ಅಳಿಯಂದ್ರು ಕ್ಲಚ್ ಮ್ಯಾಲೆ ಕಾಲಿಟ್ಟ ಓಡಸ್ತಾರ." ವೀಸಾ ಮುಗಿದು ಹುಬ್ಬಳ್ಳಿಗೆ ಮರಳಿದ ಮೇಲೂ ವಾಟ್ಸಾಪಿನಲ್ಲಿ ಕೇಳಿ ಕೇಳಿ, ಮೊಮ್ಮಗಳ ಕೈಯಿಂದ ಬರೆಸುತ್ತಿದ್ದಾರೆ. ಹಳೇ ಗಾಡಿಗೆ ಬೆಲೆ ಬರುವುದು ಇಂಥ ದಾಖಲೆಯಿಂದಲೇ. ಆದರೆ ಅದೀಗ ಅರ್ಧ ಇಂಗ್ಲಿಷ್, ಅರ್ಧ ಹುಬ್ಬಳ್ಳಿ ಕನ್ನಡ. ಮುಂದೆ ಮಾರುವಾಗ ಹೇಗೆ ಅಂತ ನಾನು ಚಿಂತೆ ಮಾಡಿದರೆ ಹೆಂಡತಿಗೆ ಚಿಂತೆಯೇ ಇಲ್ಲ. ಜಾಹೀರಾತನ್ನು ಈಗಲೇ ಸಿದ್ಧ ಮಾಡಿಟ್ಟಿದ್ದಾಳೆ: "ಪೂರ್ತಿ ಸರ್ವಿಸ್ ದಾಖಲೆ ಇದೆ. ತುಕ್ಕಿಲ್ಲ, ಒಗ್ಗರಣೆ ವಾಸನೆ ಇದೆ. ಕನ್ನಡ ಓದಲು ಬಾರದವರು ಫೋನ್ ಮಾಡಬೇಡಿ."