ಕುದುರೆ, ಸುಳಿ ಮತ್ತು ಸೀರಂ

ಗ್ಲಾಂಡರ್ಸ್ ಎಂಬುದು ಕುದುರೆ, ಕತ್ತೆ, ಹೇಸರಗತ್ತೆಗಳಿಗೆ ತಗಲುವ, ಅವುಗಳಿಂದ ಮನುಷ್ಯರಿಗೂ ಹರಡಬಲ್ಲ ರೋಗ. ಬರ್ಖೋಲ್ಡೇರಿಯಾ ಮ್ಯಾಲಿಯೈ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಜ್ವರ, ಮೂಗಿನೊಳಗೆ ಹುಣ್ಣು, ಅಂಟು ಸಿಂಬಳ, ಚರ್ಮದಡಿ ಸಾಲಾಗಿ ಏಳುವ ಗಂಟುಗಳು ಇದರ ಲಕ್ಷಣ. ಕತ್ತೆಯಲ್ಲಿ ರೋಗ ಬೇಗ ಉಲ್ಬಣಿಸುತ್ತದೆ. ಕುದುರೆಯಲ್ಲಿ ಹಾಗಲ್ಲ, ಮೈ ಮಿಂಚುತ್ತಿರುವಾಗಲೇ ರೋಗ ತಿಂಗಳುಗಟ್ಟಲೆ ಒಳಗೆ ಅಡಗಿರಬಹುದು. ಲಸಿಕೆಯಿಲ್ಲ. ಆದ್ದರಿಂದ ಕುದುರೆ ಕೈ ಬದಲಾಗುವ ಮುನ್ನ, ಊರು ಬದಲಾಗುವ ಮುನ್ನ ಆಗಬೇಕಾದ ಮೊದಲ ಕೆಲಸ ರಕ್ತ ಪರೀಕ್ಷೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಕುದುರೆ ಗಾಡಿ ಶರ್ಯತ್ತಿನ ಹುಚ್ಚು ಹತ್ತಿದವರಿಗೆ ಮೊದಲ ಕೆಲಸ ಬೇರೆಯೇ ಇದೆ. ಅದು ಸುಳಿ ನೋಡುವುದು. ಆಯ್ಕೆಯ ಹಂತ ಹೀಗೆ ನಡೆಯುತ್ತದೆ:

ಮಾವ: ಅಕಲೂಜ ಬಜಾರದಾಗ ಒಂದು ಕುದರಿ ನೋಡಿ ಬಂದೆ ಅಳಿಯಾ. ಪಂಚಕಲ್ಯಾಣಿ! ನಾಕೂ ಕಾಲು ಬೆಳ್ಳಗ, ಮಾರಿ ಬೆಳ್ಳಗ. ಗಂಟಲದಾಗ ದೇವಮಣಿ ಸುಳಿ. ಇಸಾರ ಕೊಟ್ಟ ಬಂದೆ.

ಅಳಿಯ: ರಗತ ತಪಾಸ ಮಾಡ್ಸಿದಿ?

ಮಾವ: ಸುಳಿ ನೋಡೀನಿ ಅಂದ್ನೆಲ್ಲ.

ಅಳಿಯ: ಸುಳಿ ಚರ್ಮದ ಮ್ಯಾಲ ಇರತೈತಿ ಮಾವಾ, ರೋಗ ಒಳಗ ಇರತೈತಿ.

ಮಾವ: ದೇವಮಣಿ ಇದ್ದ ಕುದರಿಗೆ ರೋಗ ಬರೂದಿಲ್ಲ.

ಅಳಿಯ: ಈ ಸುದ್ದಿ ರೋಗಕ್ಕ ಯಾರ ಮುಟ್ಟಿಸ್ಯಾರ?

ಮಾವ: ಚ್ಯಾಷ್ಟಿ ಬ್ಯಾಡ. ಹಣಿ ಮ್ಯಾಲ ಜೋಡು ಸುಳಿ ಇದ್ದಿದ್ರ ನಾನ ಬ್ಯಾಡಂತಿದ್ದೆ.

ಅಳಿಯ: ನಿನ್ನ ತಲಿ ಮ್ಯಾಲೂ ಜೋಡು ಸುಳಿ ಅದಾವಲ್ಲ. ಜೋಡು ಸುಳಿ ಇದ್ದಂವಗ ಎರಡು ಲಗ್ನ ಅಂತಾರ. ಅತ್ತಿ ಮುಂದ ಹೇಳಿಯೇನ?

ಮಾವ: ಸಾವಕಾಶ ಮಾತಾಡೋ! ಮನುಷ್ಯಾರ ಸುಳಿ ಲೆಕ್ಕ ಬ್ಯಾರೆ.

ಅಳಿಯ: ಮೂವತ್ತು ವರ್ಷ ಆತು, ಎರಡನೇದು ಬರಲಿಲ್ಲ. ನಿನ್ನ ಸುಳಿನ ಸುಳ್ಳಾದ ಮ್ಯಾಲ ಕುದರಿದು ಹೆಂಗ ಖರೆ ಅಕ್ಕೈತಿ?

ಮಾವ: ಯೋಗ ಇನ್ನೂ ಕೂಡಿ ಬಂದಿಲ್ಲ.

ಅಳಿಯ: ಅತ್ತೀ, ಕೇಳಿಸ್ತೇನ, ಮಾವಂದು ಯೋಗ...

ಮಾವ: ಸುಮ್ನಿರಪಾ! ಸುಳಿ ಸಾಕು, ರಗತದ್ದು ಹೇಳು.

ಪರೀಕ್ಷೆಯ ಕ್ರಮ ಸರಳ. ಪಶುವೈದ್ಯರು ಕುತ್ತಿಗೆಯ ರಕ್ತನಾಳದಿಂದ ರಕ್ತ ತೆಗೆದು, ಸೀರಂ ಬೇರ್ಪಡಿಸಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ದೇಶದಲ್ಲಿ ಇದರ ಮುಖ್ಯ ಠಾವು ಹರಿಯಾಣದ ಹಿಸಾರದಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ. ಮೊದಲು ಎಲೈಸಾ ಪರೀಕ್ಷೆ. ಅದರಲ್ಲಿ ಸಂಶಯ ಬಂದರೆ ಕಾಂಪ್ಲಿಮೆಂಟ್ ಫಿಕ್ಸೇಶನ್ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುತ್ತಾರೆ. ಕುದುರೆಗಳ ಇನ್ನೊಂದು ರೋಗವಾದ, ಕಚ್ಚುವ ನೊಣಗಳಿಂದ ಹರಡುವ ಸಾಂಕ್ರಾಮಿಕ ರಕ್ತಹೀನತೆಗೆ ಬೇರೆ ಪರೀಕ್ಷೆಯಿದೆ. ಅದನ್ನು ರೂಪಿಸಿದ ವಿಜ್ಞಾನಿಯ ಹೆಸರಿನಿಂದ ಅದು ಕಾಗಿನ್ಸ್ ಪರೀಕ್ಷೆ. ಆ ಪರೀಕ್ಷೆಯ ಕಾಗದವಿಲ್ಲದೆ ಅಮೆರಿಕದಲ್ಲಿ ಕುದುರೆಯನ್ನು ರಾಜ್ಯದಿಂದ ರಾಜ್ಯಕ್ಕೆ ಒಯ್ಯುವುದು ಕಷ್ಟ.

ಮಾವ: ಒಂದು ಸೀಸೆ ರಗತ ಹರಿಯಾಣಾಕ? ಜೋಯಿಸರಿಗೆ ಫೋಟೋ ಕಳಸಿದ್ರ ಹತ್ತು ನಿಮಿಷದಾಗ ಹೇಳತಾರ.

ಅಳಿಯ: ಫೋಟೋದಾಗ ಸಿಂಬಳನೂ ಕಾಣೂದಿಲ್ಲ. ಇಸಾರ ಕೊಡೂಕಿಂತ ಮೊದಲ ಹಿಸಾರ ನೆನಸಬೇಕಿತ್ತು.

ಮಾವ: ಅಲ್ಲಿ ಸುಳಿ ತಿಳದವರು ಅದಾರೇನ?

ಅಳಿಯ: ಮತ್ತ ಸುಳಿಗೆ ಬಂದ್ಯಲ್ಲ! ಮಾವಾ, 2023ರಾಗ ಹಾಂಗ್‌ಝೌ ಏಷ್ಯಾಡದಾಗ ನಮ್ಮ ಡ್ರೆಸ್ಸಾಜ್ ಅನ್ನೂ ಕುದರಿ ಸವಾರಿ ತಂಡ ಬಂಗಾರ ಗೆದ್ದಿತು. ಆ ಕುದರಿಗೋಳು ಇದ್ದದ್ದು, ಪಳಗಿದ್ದು ಎಲ್ಲಾ ಯುರೋಪಿನಾಗ. ರೋಗ ಇಲ್ಲ ಅಂತ ನಾವು ಜಗತ್ತಿಗೆ ತೋರಸಾಕ ಆಗದ ನಮ್ಮ ದೇಶದ ಕುದರಿ ಹೊರಗ ಹೋಗೂದ ದುಸ್ತರ ಆಗಿತ್ತು. 2025ರಾಗ ಮೀರತ್ ಛಾವಣಿಯೊಳಗ ಒಂದು ರೋಗಮುಕ್ತ ಜಾಗಾಕ್ಕ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ತು. ಅಲ್ಲಿ ಯಾರೂ ಸುಳಿ ಕೇಳಲಿಲ್ಲ.

ಅಳಿಯನ ಭಾಷಣ ಉದ್ದವಾದರೂ ಸುಳ್ಳಲ್ಲ. ಇದೇ ಸೀಮೆಯಲ್ಲಿ ಮುಧೋಳ ನಾಯಿಗೆ ಇರುವ ಮರ್ಯಾದೆ ನೋಡಿದರೆ ಕುದುರೆಯ ಸ್ಥಿತಿ ಇನ್ನೂ ವಿಚಿತ್ರ. ನಾಯಿಗೆ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವಿದೆ, 2005ರಲ್ಲಿ ಅಂಚೆ ಚೀಟಿ ಬಂದಿದೆ, ಮರಿ ಕೊಳ್ಳುವವರು ತಳಿಯ ಕಾಗದ ಕೇಳುತ್ತಾರೆ. ಅದಕ್ಕಿಂತ ಎಷ್ಟೋ ಪಟ್ಟು ಬೆಲೆಯ ಕುದುರೆಗೆ ಕಾಗದ ಕೇಳಿದರೆ ದಲಾಲ ಸಿಟ್ಟಿಗೇಳುತ್ತಾನೆ.

ಪರೀಕ್ಷೆಯ ನಂತರದ್ದು ಸಾಗಾಟ. 1978ರ ಪ್ರಾಣಿಗಳ ಸಾಗಾಟ ನಿಯಮಗಳ ಪ್ರಕಾರ ಕುದುರೆ ಪ್ರಯಾಣಕ್ಕೆ ಯೋಗ್ಯವೆಂದು ಅರ್ಹ ಪಶುವೈದ್ಯರ ಪ್ರಮಾಣಪತ್ರ ಬೇಕು. ಕಳಿಸುವವರ, ಪಡೆಯುವವರ ಹೆಸರು, ವಿಳಾಸ, ಪ್ರಾಣಿಗಳ ಸಂಖ್ಯೆ, ಜೊತೆಗಿರುವ ಮೇವಿನ ಲೆಕ್ಕ ಬರೆದಿರಬೇಕು. ಒಂದು ವಾಹನದಲ್ಲಿ ನಾಲ್ಕರಿಂದ ಆರಕ್ಕಿಂತ ಹೆಚ್ಚು ಕುದುರೆ ಹಾಕಬಾರದು, ನಡುನಡುವೆ ಬಿದಿರಿನ ಅಡ್ಡಗಳಿರಬೇಕು, ವೇಗ ಗಂಟೆಗೆ 35 ಕಿಲೋಮೀಟರ್ ಮೀರಬಾರದು. ಎದುರು ಬರುವ ವಾಹನಗಳಿಗೆ ಬೆದರದಂತೆ ಕುದುರೆಯ ಮುಖ ಎಡಕ್ಕಿರಬೇಕು. ಈ ಕೊನೆಯ ನಿಯಮವೊಂದು ಮಾತ್ರ ಮಾವನ ಮನಸ್ಸಿಗೆ ಹಿಡಿಸಿತು.

ಮಾವ: ಅಕಲೂಜದಿಂದ ಜಮಖಂಡಿಗೆ ತೆಂಕ ಮಾರಿ ಮಾಡಿ ಬರೂದು. ಎಡಕ್ಕ ಅಂದ್ರ ಪೂರ್ವ! ಸರಕಾರಕ್ಕ ವಾಸ್ತು ಗೊತ್ತೈತಿ ಬಿಡು.

ಅಳಿಯ: ರಸ್ತೆ ಪಶ್ಚಿಮಕ್ಕ ತಿರುಗಿದ್ರ? ಆಗ ಎಡಕ್ಕ ದಕ್ಷಿಣ, ಯಮನ ದಿಕ್ಕು.

ಮಾವ: ಅಷ್ಟು ದೂರ ಡ್ರೈವರಗ ರಿವರ್ಸ್ ಹೊಡಿ ಅಂತೀನಿ. ಆಗ ಎಡಕ್ಕ ಉತ್ತರ ಬರತೈತಿ, ಕುಬೇರನ ದಿಕ್ಕು.

ಅಳಿಯ: ರಿವರ್ಸಿನಾಗ 35 ದಾಟೂದಿಲ್ಲ, ಆ ನಿಯಮಾನೂ ಪಾಲನೆ ಅಕ್ಕೈತಿ.

ಪರೀಕ್ಷೆಯಲ್ಲಿ ರೋಗ ಖಚಿತವಾದರೆ 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆ ಅನ್ವಯಿಸುತ್ತದೆ. 1899ರಿಂದ ಇದ್ದ ಗ್ಲಾಂಡರ್ಸ್ ಮತ್ತು ಫಾರ್ಸಿ ಕಾಯ್ದೆಯ ಜಾಗಕ್ಕೆ ಇದು ಬಂದದ್ದು. ರೋಗದ ಸುಳಿವು ಸಿಕ್ಕರೆ ಮಾಲಕ ತಿಳಿಸಲೇಬೇಕು. ಪ್ರಾಣಿಗೆ ಚಿಕಿತ್ಸೆಯಿಲ್ಲ, ನೋವಾಗದಂತೆ ಕೊಂದು ಆಳವಾಗಿ ಹೂಳುತ್ತಾರೆ, ಸುತ್ತಲಿನ ಕುದುರೆ, ಕತ್ತೆಗಳ ಓಡಾಟ ನಿಲ್ಲಿಸಿ ರಕ್ತ ಪರೀಕ್ಷಿಸುತ್ತಾರೆ. ಇದು ದೂರದ ಮಾತಲ್ಲ, 2025ರಲ್ಲಿ ಬೆಂಗಳೂರಿನ ಡಿ.ಜೆ. ಹಳ್ಳಿಯ ಕುದುರೆಯೊಂದರಲ್ಲಿ ರೋಗ ದೃಢಪಟ್ಟಿತ್ತು.

ಮಾವ: ಕೊಂದ್ರ ನಾಲಾನರ ಬಿಚ್ಚಿ ಕೊಡತಾರೇನ? ಬಾಗಲಕ್ಕ ಹೊಡದ್ರ ಶನಿ ಕಾಟ ಇರೂದಿಲ್ಲ.

ಅಳಿಯ: ರೋಗದ ಕುದರಿದು ಒಂದು ಕೂದಲಾನೂ ಮನಿಗೆ ತರಬಾರದು. ಪರಿಹಾರ ಅಂತ ಸರಕಾರ ರೊಕ್ಕ ಕೊಡತೈತಿ, ಆದ್ರ ನಿನ್ನ ಪಂಚಕಲ್ಯಾಣಿಗೂ ಮೂರು ಕಾಲು ಕರಿ ಇರೂ ಕುದರಿಗೂ ಒಂದ ದರ.

ಮಾವ: ದೇವಮಣಿಗೆ ಹೆಚ್ಚಿಗಿ ಏನೂ ಇಲ್ಲ?

ಅಳಿಯ: ಆ ಫಾರ್ಮಿನಾಗ ಸುಳಿ ಬರಿಯೂ ಜಾಗಾನ ಇಲ್ಲ.

ವರದಿಯಲ್ಲಿ ರೋಗವಿಲ್ಲವೆಂದು ಬಂದರೂ ಹೊಸ ಕುದುರೆಯನ್ನು ಕೂಡಲೇ ಹಳೆಯದರ ಜೊತೆ ಕಟ್ಟಬಾರದು. ಮೂಗಿನ ಸ್ರಾವ ಬಿದ್ದ ನೀರು, ಮೇವಿನಿಂದಲೇ ಈ ರೋಗ ಹೆಚ್ಚಾಗಿ ಹರಡುವುದು. ಆದ್ದರಿಂದ ಗೋದಲಿ, ಬಕೆಟ್, ಮೈ ಉಜ್ಜುವ ಬ್ರಶ್ ಎಲ್ಲವೂ ಕೆಲವು ವಾರ ಬೇರೆಯಾಗಿರಬೇಕು.

ಮಾವ: ಬ್ಯಾರೆ ಕಟ್ಟೂದು ಖರೆ, ಯಾವ ದಿಕ್ಕಿಗೆ ಕಟ್ಟಲಿ?

ಅಳಿಯ: ಹಳೇ ಕುದರಿ ಇಲ್ಲದ ದಿಕ್ಕಿಗೆ.